ಮಾಮಾನ ಫುಕಟ್ ವಿಶ್ವವಿದ್ಯಾಲಯ

ನಮ್ಮ ಸೋದರಮಾವ ಏಕಕಾಲಕ್ಕೆ ಪರದೇಶದ ಎರಡು ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದಾರೆ. ಆ ಎರಡಕ್ಕೂ ಈ ಸಂಗತಿ ಗೊತ್ತಿಲ್ಲ, ಅಷ್ಟೇ!

ನಗಬೇಡಿ. ಮಾಮಾ ಅರವತ್ತು ದಾಟಿದವರು, ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರಿ. ಹಗಲು ಅಲ್ಲಿ ಅಂಗಡಿ, ಸಂಜೆ ವಿಜಯಪುರದ ಅಥಣಿ ರಸ್ತೆಯ ಮನೆಯಲ್ಲಿ ವಿದ್ಯಾಭ್ಯಾಸ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಪಾಠಗಳು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ ಎಂದು ನಾನೇ ಒಮ್ಮೆ ಮಾತಿಗೆ ಹೇಳಿದ್ದೆ. ಮಾಮಾ ನಂಬಲಿಲ್ಲ.

"ಫುಕಟ್ ಮಾಲು ಯಾರ ಕೊಡ್ತಾರಲೇ? ಒಳಗ ಏನರ ಹುಳಾ ಇರಬೇಕು."

ಆ ಹುಳ ಹುಡುಕುವುದಕ್ಕೆಂದೇ ಮೊದಲ ಪಾಠಕ್ಕೆ ಕೂತರು. ಕೂತವರು ಏಳಲಿಲ್ಲ. ಹುಳಗಳೇನೋ ಸಿಕ್ಕವು, ಪ್ರೋಗ್ರಾಮಿನೊಳಗಿನ ತಪ್ಪಿಗೆ ಕಂಪ್ಯೂಟರಿನವರೂ 'ಬಗ್', ಅಂದರೆ ಹುಳ ಎಂದೇ ಅನ್ನುತ್ತಾರಂತೆ. ಆದರೆ ಅವೆಲ್ಲ ಸಿಕ್ಕಿದ್ದು ಮಾಮಾ ಸ್ವತಃ ಬರೆದ ಪ್ರೋಗ್ರಾಮುಗಳಲ್ಲಿ!

ಪಾಠವೆಲ್ಲ ಇಂಗ್ಲಿಷಿನಲ್ಲಿ. ಪ್ರೊಫೆಸರರ ಮಾತು ಬಿರುಗಾಳಿ. ಮಾಮಾ ವೀಡಿಯೊವನ್ನು ಅರ್ಧ ವೇಗಕ್ಕೆ ಇಳಿಸಿದರು. ಆ ವೇಗದಲ್ಲಿ ಎಂಥ ಪಂಡಿತನ ನಾಲಿಗೆಯೂ ತೊದಲುತ್ತದಲ್ಲವೇ? ರೊಟ್ಟಿ ಬಡಿಯುತ್ತಿದ್ದ ಮಾಮಿ ಕೈ ನಿಲ್ಲಿಸಿ ಕೇಳಿದರು:

"ಏನ್ರಿ, ನಿಮ್ಮ ಮಾಸ್ತರು ಕುಡದು ಸಾಲಿಗಿ ಬಂದಾರೇನು?"

"ಸುಮ್ಮಕಿರು. ಭಾಳ ದೊಡ್ಡ ಮನುಷ್ಯಾರು ಅವರು."

"ದೊಡ್ಡವರೂ ಕುಡೀತಾರ್ರಿ."

ಮರುದಿನದಿಂದ ಮಾಮಾನ ಕಿವಿಗೆ ಇಯರ್‌ಫೋನ್ ಬಂತು.

ಕಲಿತದ್ದು ಕಿವಿಯೊಳಗೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಒಮ್ಮೆ ನಾನು ತಿಕೋಟಾದ ಅಂಗಡಿಯಲ್ಲಿ ಕೂತಿದ್ದಾಗ, ಬೈಕಿನವನೊಬ್ಬ ನಿಲ್ಲಿಸಿ ಕಳ್ಳಕವಟಗಿಗೆ ದಾರಿ ಕೇಳಿದ. ಆ ವಾರ ಮಾಮಾನಿಗೆ ರಿಕರ್ಷನ್ ಪಾಠ. ದೊಡ್ಡ ಪ್ರಶ್ನೆಯನ್ನು ಸ್ವಲ್ಪ ಚಿಕ್ಕದು ಮಾಡಿ, ಅದನ್ನೇ ಮತ್ತೆ ಮತ್ತೆ ಕೇಳಿಕೊಳ್ಳುವ ವಿದ್ಯೆ.

"ಸ್ವಲ್ಪ ಮುಂದ ಹೋಗ್ರಿ. ಅಲ್ಲಿ ನಿಂತು, ಕಳ್ಳಕವಟಗಿಗೆ ಹ್ಯಾಂಗ ಹೋಗೂದು ಅಂತ ಮತ್ತ ಕೇಳ್ರಿ."

"ಎಲ್ಲೀತನಕ ಕೇಳ್ಕೋತ ಹೋಗ್ಲಿರಿ?"

"ಕಳ್ಳಕವಟಗಿ ಬರೂತನಕ."

ಅವನು ಬೈಕಿನಿಂದಿಳಿದು ಎದುರಿನ ಚಹಾದಂಗಡಿಯಲ್ಲಿ ದಾರಿ ಕೇಳಿದ. "ನೋಡು, ಶುರು ಮಾಡಿದ," ಎಂದರು ಮಾಮಾ, ತೃಪ್ತಿಯಿಂದ.

ಬಬಲೇಶ್ವರದಲ್ಲಿ ನಮ್ಮ ಬಂಧುಗಳ ವಾಸ್ತುಶಾಂತಿಯಲ್ಲಿ ಊಟಕ್ಕೆ ಕೂರಿಸುವ ಉಸ್ತುವಾರಿಯನ್ನು, ಹಿರಿಯರೆಂದು, ಇವರಿಗೇ ವಹಿಸಿದರು. ವಹಿಸಿದವರು ಪಾಪ, ಪಠ್ಯಕ್ರಮ ನೋಡಿರಲಿಲ್ಲ. ಮಾಮಾ ಆಗ ಸ್ಟ್ಯಾಕ್ ಕಲಿಯುತ್ತಿದ್ದರು. ತಟ್ಟೆಗಳ ರಾಶಿಯ ಹಾಗೆ, ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ಪದ್ಧತಿ. ಅದರಂತೆ ಕೊನೆಗೆ ಬಂದವರೆಲ್ಲ ಮೊದಲ ಪಂಕ್ತಿಯಲ್ಲಿ ಹೋಳಿಗೆ ಉಣ್ಣತೊಡಗಿದರು. ಎಲ್ಲರಿಗಿಂತ ಮೊದಲು ಬಂದಿದ್ದ ಹಿರಿಯ ಕಾಕಾ ಒಬ್ಬರು ಹಸಿದು ಕೂತೇ ಇದ್ದರು.

"ಲೇ, ನಾ ಮುಂಜಾನೆ ಬಂದೇನಿ!"

"ಅದಕ್ಕಽ ನಿಮ್ಮ ಪಾಳಿ ಕಡೀಕ ಐತ್ರಿ ಕಾಕಾ."

ಕಾಕಾ ಎದ್ದು ಚಪ್ಪಲಿ ಮೆಟ್ಟಿ ಗೇಟಿನ ಹೊರಗೆ ಹೋದರು. ಮರುಕ್ಷಣ ತಿರುಗಿ ಒಳಗೆ ಬಂದರು. "ಈಗ ಬಂದೆ ನೋಡಪಾ. ಎಲಿ ಹಾಕು." ಮಾಮಾ ಅವರನ್ನು ಮೊದಲ ಎಲೆಗೆ ಕೂರಿಸಿದರು. ನಿಯಮವೆಂದರೆ ನಿಯಮ!

ಹೀಗೆ ಬಂಧುಬಳಗವನ್ನೆಲ್ಲ ಪ್ರಯೋಗಶಾಲೆ ಮಾಡಿಕೊಂಡು ಮಾಮಾ ಒಂದು ಕೋರ್ಸಿನ ಕೊನೆ ಮುಟ್ಟಿದರು. ಉಳಿದದ್ದು ಪರೀಕ್ಷೆ. ಅದನ್ನು ನಿಗದಿಯಾದ ದಿನವೇ ಇಂಟರ್ನೆಟ್ಟಿನಲ್ಲಿ ಬರೆಯಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಮಾಮಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಒಳಗೊಂದು ಗಡ್ಡೆ ಇದೆ, ತಡಮಾಡಬೇಡಿ ಎಂದರು ಡಾಕ್ಟರು. ಆಪರೇಶನ್ನಿಗೆ ನಿಗದಿಯಾದದ್ದೂ ಅದೇ ದಿನ.

"ಪರೀಕ್ಷಾ ಬಿಡ್ತೀನಿ," ಎಂದರು ಮಾಮಾ, ಆ ದಿನ ಆಸ್ಪತ್ರೆಯಲ್ಲಿ.

ಸ್ಟ್ರೆಚರಿನ ಮೇಲೆ ಮಲಗಿದ್ದ ಮಾಮಿ ಕುತ್ತಿಗೆ ಎತ್ತಿದರು. "ಕುಡದ ಮಾಸ್ತರನ್ನ ಇಷ್ಟದಿನ ಮನ್ಯಾಗ ಇಟಗೊಂಡೇನಿ. ಸುಮ್ಮನಽ ಏನು? ನೀವು ಪರೀಕ್ಷಾ ಬರಿಯಂಗಿದ್ರ ನಾ ಒಳಗ ಹೋಗಾಕಿ. ಇಲ್ಲಂದ್ರ ಮನೀಗಿ ನಡೀರಿ."

ಹೀಗಾಗಿ ಮಾಮಾ ಆಪರೇಶನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರು. ನಾನು ಚಹಾ ತರಲು ಹೋಗಿ ಬಂದೆ. ಪರದೆಯ ಮೇಲೆ ಇನ್ನೂ ಮೊದಲನೆಯ ಪ್ರಶ್ನೆಯೇ ಇತ್ತು. ಮೂಲೆಯಲ್ಲಿ ಉಳಿದ ವೇಳೆ ತೋರಿಸುವ ಗಡಿಯಾರ ಇಳಿಯುತ್ತಿತ್ತು.

"ಬರೀರಿ ಮಾಮಾ."

"ಬರ್ಯಾಕತ್ತೇನಿ."

ಅವರ ಕಣ್ಣು ಮುಚ್ಚಿದ ಬಾಗಿಲ ಮೇಲಿತ್ತು. ಬಲಗೈ ಮುಷ್ಟಿ ಬಿಗಿದಿತ್ತು. ಒಳಗೆ ಹೋಗುವ ಮುನ್ನ ಮಾಮಿ ಬಿಚ್ಚಿಕೊಟ್ಟ ತಾಳಿ ಅದರಲ್ಲಿತ್ತು. ವೇಳೆ ಮುಗಿದು ಪರೀಕ್ಷೆ ತಾನಾಗಿ ಮುಚ್ಚಿಕೊಂಡದ್ದು ಅವರ ಗಮನಕ್ಕೇ ಬರಲಿಲ್ಲ.

ಡಾಕ್ಟರು ಹೊರಬಂದು, ಗಡ್ಡೆ ತೆಗೆದಿದ್ದೇವೆ, ಭಯಪಡುವಂಥದ್ದೇನಿಲ್ಲ ಎಂದರು. ಸಂಜೆ ಮಾಮಿಗೆ ಎಚ್ಚರವಾಯಿತು. ನೀರು ಕೇಳಲಿಲ್ಲ.

"ಪರೀಕ್ಷಾ ಹ್ಯಾಂಗಾತ್ರಿ?"

"ಪಾಸ್ ಆದ್ನಿ. ಛಲೋ ಮಾರ್ಕ್ಸ್ ಬಂದಾವ."

ಮಾಮಿ ಗಂಡನ ಮುಖವನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಸುಳ್ಳ ಹೇಳೂದು ಕಲಸೂ ಕೋರ್ಸ್ ಐತೇನ ನೋಡಪಾ. ಮೊದಲ ಅದಕ್ಕ ಸೇರಸು ಇವರನ್ನ."

ಮಾಮಾ ತಲೆ ತಗ್ಗಿಸಿ, "ನೀ ಆರಾಮ ಆಗು. ಮತ್ತ ಮೊದಲಿಂದ ಓದ್ತೀನಿ," ಎಂದರು.

"ಹಂಗಾರ ನಾನೂ ಮಗ್ಗಲಕ ಕುಂದರತೀನಿ," ಎಂದರು ಮಾಮಿ ಕಣ್ಣು ಮುಚ್ಚುತ್ತ. "ಒಬ್ಬರಽ ಫೇಲಾದ್ರ ಬ್ಯಾಸರಾಗತೈತಿ."