ಪಾಲವ್ವನ ಒಪ್ಪಿಗೆ

ಸ್ಪೇನ್ ದೇಶದ ಶುದ್ಧತಳಿಯ ಕುದುರೆಯನ್ನು ಹೊಂದಿರುವ ಪ್ರತಿಯೊಬ್ಬ ನಾಗರಿಕನೂ ಅದನ್ನು ತೊಂಬತ್ತು ದಿನಗಳೊಳಗೆ ನೋಂದಾಯಿಸತಕ್ಕದ್ದು. ನೋಂದಣಿಯಾಗದ ಕುದುರೆಯ ಬೆನ್ನೇರತಕ್ಕದ್ದಲ್ಲ. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಈ ನಿಯಮವನ್ನು ಜಾರಿಗೊಳಿಸಲು ಜಮಖಂಡಿಯಲ್ಲಿ ವಿದೇಶಿ ಅಶ್ವ ನೋಂದಣಿ ಕೋಶವೊಂದನ್ನು ತೆರೆದು, ಹನ್ನೊಂದು ಮಂದಿ ಸಿಬ್ಬಂದಿಯನ್ನು ನೇಮಿಸಲಾಗಿತ್ತು. ನಾಲ್ಕೂ ತಾಲ್ಲೂಕು ಸೇರಿ ಅಂಥ ಕುದುರೆ ಇದ್ದದ್ದು ಒಂದೇ. ಅದು ಬನಹಟ್ಟಿಯ ನೂಲಿನ ವ್ಯಾಪಾರಿ ಈಶ್ವರನದು.

ಈಶ್ವರನಿಗೆ ನಲವತ್ತೆರಡು ವರ್ಷ. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವ. ತನ್ನ ಮದುವೆಯ ಮೆರವಣಿಗೆಯಲ್ಲಿ ಬಾಡಿಗೆ ಕುದುರೆಯ ಮೇಲೆ ಮುಕ್ಕಾಲು ತಾಸು ಕುಳಿತದ್ದೇ ರುಚಿ ಹತ್ತಿಬಿಟ್ಟಿತು. ಮದುವೆ ಹಳೆಯದಾಯಿತು, ಆ ರುಚಿ ಹೋಗಲಿಲ್ಲ. ಮೂರು ವರ್ಷ ತಿಂಗಳಿಗೆರಡು ರವಿವಾರ ಪುಣೆಗೆ ಹೋಗಿ ಸವಾರಿ ಕಲಿತ. ಕೊನೆಗೆ ಅಲ್ಲಿಂದಲೇ ಪಲೋಮಾ ಎಂಬ ಹದಿನಾಲ್ಕು ವರ್ಷದ ಬಿಳಿ ಹೆಣ್ಣುಕುದುರೆಯನ್ನು ತಂದ. ಅವನ ಆಸೆ ದೊಡ್ಡದೇನಲ್ಲ. ಒಂದು ಮುಂಜಾನೆ ಕುದುರೆಯ ಮೇಲೆ ಚಿಕ್ಕಪಡಸಲಗಿ ಬ್ಯಾರೇಜಿನತನಕ ಹೋಗಿ, ಕೃಷ್ಣೆಯನ್ನು ಎತ್ತರದಿಂದ ನೋಡಿ ಬರಬೇಕು, ಅಷ್ಟೇ.

ಅವ್ವ ಹಾಲವ್ವನಿಗೆ ಕುದುರೆ ಕಂಡರೆ ಆಗುತ್ತಿರಲಿಲ್ಲ. “ಎಮ್ಮಿ ತಂದಿದ್ರ ಹಾಲರ ಕೊಡ್ತಿತ್ತು. ಇದೇನ ಕೊಡ್ತೈತಿ, ಸುಡಗಾಡು!” ಎಂದು ದಿನಕ್ಕೆ ಎರಡು ಹೊತ್ತು ತಪ್ಪದೆ ಬೈಯುತ್ತಿದ್ದಳು.

ಕೋಶದ ಅಧೀಕ್ಷಕಿ ಸಂಘಮಿತ್ರಾ ಬಹಳ ಸಭ್ಯರು. ಅರ್ಜಿದಾರನಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಅವನು ಕುಡಿದು ಮುಗಿಸಿದ ಮೇಲೆಯೇ ಅರ್ಜಿ ತಿರಸ್ಕರಿಸುವವರು. ಈಶ್ವರ ಸ್ಪೇನಿನವರು ಕೊಟ್ಟ ದಪ್ಪ ಹೊತ್ತಿಗೆಯನ್ನು ಅವರ ಮುಂದಿಟ್ಟ. ಕುದುರೆಯ ತಂದೆ, ತಾಯಿ, ಅಜ್ಜ, ಮುತ್ತಜ್ಜ, ಕುತ್ತಿಗೆಯೊಳಗಿನ ಮೈಕ್ರೋಚಿಪ್ಪಿನ ಸಂಖ್ಯೆ, ಕೂದಲು ಪರೀಕ್ಷೆಯ ವರದಿ ಎಲ್ಲವೂ ಅದರಲ್ಲಿತ್ತು.

“ಎಲ್ಲಾ ಛಲೋ ಐತ್ರಿ. ಆದ್ರ ಊರಾಗಿನ ಪಂಚರ ಸಹಿ ಎಲ್ಲೈತಿ? ಇದರ ಅಜ್ಜನ್ನ ಕಣ್ಣಾರೆ ಕಂಡವ್ರು ಯಾರರ ಐದು ಮಂದಿ ಬೇಕು” ಎಂದರು ಸಂಘಮಿತ್ರಾ.

“ಮೇಡಂ, ಅಜ್ಜ ಸ್ಪೇನಿನಾಗ ಸತ್ತು ಹತ್ತು ವರ್ಸ ಆತ್ರಿ.”

“ಹಂಗಾರ ಮರಣ ಪತ್ರ ಹಚ್ಚರಿ. ಇಲ್ಲಂದ್ರ ಈ ಭಾಗದಾಗ ಮಾನ್ಯ ಇರೋ ವಂಶಾವಳಿ ತರ್ರಿ. ತೊಂಬತ್ತು ದಿನ ದಾಟಿತಂದ್ರ ಕುದ್ರಿ ಜಪ್ತ. ನಮ್ಮಲ್ಲಿ ಲಾಯ ಇಲ್ಲ, ದಾಖಲಾತಿ ಕೋಣ್ಯಾಗ ಕಟ್ಟಬೇಕಾಕೈತಿ.”

ದಾಖಲಾತಿ ಕೋಣೆಗೆ ಕಿಟಕಿ ಇರಲಿಲ್ಲ.

ಈ ಭಾಗದಲ್ಲಿ ಮಾನ್ಯವಾದ ವಂಶಾವಳಿ ಎಂದರೆ ಹೆಳವರದು. ಕೆಲವು ವರ್ಷಕ್ಕೊಮ್ಮೆ ಮನೆಬಾಗಿಲಿಗೆ ಬಂದು, ಆ ಮನೆತನದ ಏಳು ತಲೆಮಾರಿನ ಹೆಸರನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಗೆ ಸೇರಿಸಿ ಹೋಗುವವರು. ಅವರ ಮಾತಿಗೆ ಯಾವ ಮನೆಯವರೂ ಎದುರಾಡುವುದಿಲ್ಲ. ಈಶ್ವರ ಹೇಳಿಕಳಿಸಿದ್ದಕ್ಕೆ ಎಂಬತ್ತೈದನೆಯ ದಿನ ಹೆಳವರ ಕಾಶಪ್ಪ ಬಂದ. ಅವನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದ. ಕಾಶಪ್ಪ ಮೋಟರ್‌ಸೈಕಲ್ಲಿನ ಮೇಲೆ ಬಂದು, ಕೆಂಪು ವಸ್ತ್ರ ಬಿಚ್ಚಿ ಹೊತ್ತಿಗೆ ತೆರೆದ.

“ನಮ್ಮ ಹೊತ್ತಿಗ್ಯಾಗ ಮನೆತನ ಇರ್ತಾವ್ರಿ, ಜನಾವರ ಇರಂಗಿಲ್ಲ. ಮನಿ ಹೆಸರಿಲ್ದ ಒಂದ ಸಾಲೂ ಬರ್ಯಾಕ ಬರಂಗಿಲ್ಲ.”

“ನಮ್ಮ ಮನಿ ಹೆಸರ ಹಾಕಪಾ, ನಿನ್ನ ಕಾಲ ಬೀಳ್ತೀನಿ” ಎಂದ ಈಶ್ವರ.

ಕಾಶಪ್ಪ ಕೋಶದವರು ಕೊಟ್ಟ ವಯೋಪರಿವರ್ತನಾ ಕೋಷ್ಟಕ ನೋಡಿದ. ಕುದುರೆಯ ಹದಿನಾಲ್ಕು ವರ್ಷಕ್ಕೆ ಮನುಷ್ಯರ ನಲವತ್ತನಾಲ್ಕು. “ಅಂದ್ರ ನಿಮಗಿಂತ ಎರಡು ವರ್ಸಕ್ಕ ದೊಡ್ಡಾಕಿ. ಯಾರ ಹೊಟ್ಟೀಲೆ ಹುಟ್ಟ್ಯಾಳ ಅಂತ ಬರೀಲಿ?”

ಈಶ್ವರ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ನೋಡಿದ. ಹಾಲವ್ವನಿಗೆ ಈಶ್ವರನೊಬ್ಬನೇ ಮಗ. ನಾಗರ ಪಂಚಮಿಗೆ ಓಣಿಯ ಎಲ್ಲ ಮನೆಗೂ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುವಾಗ, ಆಕೆ ನಲವತ್ತು ವರ್ಷದಿಂದ ಬಾಗಿಲು ಮುಂದಕ್ಕೆ ಮಾಡಿಕೊಂಡು ಒಳಗೆ ಕೂರುತ್ತಿದ್ದಳು. ಅದು ಈಶ್ವರನಿಗೆ ಗೊತ್ತಿತ್ತು. ಮಗನಾಗಿ ಹುಟ್ಟಿದ್ದು ತನ್ನದೇ ತಪ್ಪೇನೋ ಎಂದು ಚಿಕ್ಕಂದಿನಲ್ಲಿ ಅತ್ತದ್ದೂ ಇತ್ತು.

“ನನ್ನ ಹೆಸರ ಬರಿ” ಎಂದಳು ಹಾಲವ್ವ. “ಹಾಲವ್ವನ ಹಿರೀ ಮಗಳು ಪಾಲವ್ವ.”

ಎಂಬತ್ತೊಂಬತ್ತನೆಯ ದಿನ ಪ್ರಮಾಣಪತ್ರ ಬಂತು. “ಹೆಸರು: ಪಾಲವ್ವ ಉರ್ಫ್ ಪಲೋಮಾ. ತಳಿ: ಸ್ಪೇನ್, ಶುದ್ಧ. ತಾಯಿ: ಹಾಲವ್ವ. ಗಂಡನ ಹೆಸರು: ಅನ್ವಯಿಸುವುದಿಲ್ಲ.” ಈಶ್ವರನ ಹೆಂಡತಿ ರಾಧಿಕಾ ಅದನ್ನು ಎರಡು ಸಲ ಓದಿದಳು. “ಇಷ್ಟ ವರ್ಸ ನಾದಿನಿ ಇಲ್ಲಂತ ಆರಾಮ ಇದ್ನಿ” ಎಂದು ನಿಟ್ಟುಸಿರು ಬಿಟ್ಟು ಹುಲ್ಲು ಹಾಕಲು ಹೋದಳು.

ಮರುದಿನ ನಸುಕಿನಲ್ಲಿ ಈಶ್ವರ ಉದ್ದನೆಯ ಬೂಟು ಹಾಕಿಕೊಂಡು, ಜೀನು ಬಿಗಿದು, ಜೀನಿನಿಂದ ಇಳಿಬಿದ್ದ ರಿಕಾಪಿನಲ್ಲಿ ಒಂದು ಕಾಲಿಟ್ಟ.

“ಲೇ ಭಾಡ್ಯಾ! ಹೆತ್ತವ್ವನ ಮುಂದ ಅಕ್ಕನ ಮ್ಯಾಲ ಹತ್ತತಿ?” ಎಂದು ಹಾಲವ್ವ ಕಸಬರಿಗೆ ಹಿಡಿದು ಬಂದಳು.

ಈಶ್ವರ ಒಂಟಿ ಕಾಲಲ್ಲಿ ಕುಂಟುತ್ತ ಇಳಿದು, ನೆಟ್ಟಗೆ ಕೋಶಕ್ಕೆ ಹೋದ. ಸಂಘಮಿತ್ರಾ ಚಹಾ ತರಿಸಿ ನಿಯಮ ಓದಿದರು. ಕುಟುಂಬದ ನೋಂದಾಯಿತ ಸದಸ್ಯರ ಮೇಲೆ ಸವಾರಿ ಮಾಡಲು ಸದರಿ ಸದಸ್ಯರ ಸ್ವಇಚ್ಛೆಯ ಒಪ್ಪಿಗೆ ಅಗತ್ಯ. ಹೇಳಿಕೆಯನ್ನು ಅಧಿಕಾರಿಯೇ ಖುದ್ದು ಪಡೆಯತಕ್ಕದ್ದು. ಮೂರನೆಯ ದಿನ ಅವರು ಇಬ್ಬರು ಗುಮಾಸ್ತರೊಂದಿಗೆ ಮನೆಯಂಗಳಕ್ಕೆ ಬಂದರು. ಗೊರಸಿನ ಗುರುತು ಒತ್ತಿಸಲು ಶಾಯಿ ಸುರಿದ ಅಗಲವಾದ ಪರಾತವನ್ನೂ ತಂದಿದ್ದರು.

“ಪಾಲವ್ವಾರ, ನಿಮ್ಮ ತಮ್ಮ ಈಶ್ವರ ನಿಮ್ಮ ಮ್ಯಾಲ ಕುಂದರಾಕ ಪರವಾನಗಿ ಕೇಳ್ಯಾರ. ಯಾರದೂ ಒತ್ತಾಯ ಇಲ್ಲ. ನಿಮ್ಮ ಒಪ್ಪಿಗಿ ಐತೇನ್ರಿ?”

ಅಷ್ಟರಲ್ಲಿ ಕುದುರೆಯ ಕಿವಿಯ ಮೇಲೆ ಒಂದು ನೊಣ ಕೂತಿತು. ಪಲೋಮಾ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜೋರಾಗಿ ಅಲ್ಲಾಡಿಸಿದಳು.

“ಇಲ್ಲ ಅಂತ ಬರ್ಕೋರಿ” ಎಂದರು ಸಂಘಮಿತ್ರಾ.

“ಮೇಡಂ, ನೊಣ ಕುಂತಿತ್ರಿ! ಖರೆ ಹೇಳ್ತೀನಿ, ನೊಣ!”

“ನೊಣದ ಹೇಳಿಕಿ ತಗೊಳ್ಳೋ ಅಧಿಕಾರ ನಮಗಿಲ್ರಿ. ಮರುಪರಿಶೀಲನಾ ಮುಂದಿನ ವರ್ಸ.”

ಕೋಶವು ಆ ವಾರ ಪ್ರಕಟಣೆ ಹೊರಡಿಸಿ, ನಾಲ್ಕೂ ತಾಲ್ಲೂಕುಗಳಲ್ಲಿ ನೂರಕ್ಕೆ ನೂರು ನೋಂದಣಿ ಸಾಧಿಸಲಾಗಿದೆಯೆಂದೂ, ಕೆಲಸದ ಒತ್ತಡ ಪರಿಗಣಿಸಿ ಇನ್ನೂ ಆರು ಹುದ್ದೆ ಮಂಜೂರಾಗಿವೆಯೆಂದೂ ತಿಳಿಸಿತು.

ಪಂಚಮಿ ಬಂತು. ಹಾಲವ್ವ ಆ ದಿನ ಬಾಗಿಲು ಮುಂದಕ್ಕೆ ಮಾಡಲಿಲ್ಲ. ಪಾಲವ್ವನ ಹಣೆಗೆ ಕುಂಕುಮ ಹಚ್ಚಿ, ಕುತ್ತಿಗೆಗೆ ರವಿಕೆಯ ಖಣ ಕಟ್ಟಿ ಉಡಿ ತುಂಬಿದಳು. ಪಾಲವ್ವ ಉಡಿಯ ಅಕ್ಕಿಯ ಜತೆಗೆ ಒಂಬತ್ತು ಶೇಂಗಾದ ಉಂಡಿಯನ್ನೂ ತಿಂದಳು. ಓಣಿಯ ಹೆಂಗಸರು ಬಂದು, “ಮಗಳು ಮೈ ಕೈ ತುಂಬಿಕೊಂಡಾಳ” ಎಂದು ಮೆಚ್ಚಿಕೊಂಡು ಹೋದರು. ಹಾಲವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡು ಈಶ್ವರ ಜೀನನ್ನು ತಾನೇ ಒಯ್ದು ಅಟ್ಟದ ಮೇಲಿಟ್ಟ.

ಹಬ್ಬದ ಮರುದಿನ ಅಕ್ಕನಿಗೆ ಹೊಳೆ ತೋರಿಸಿಕೊಂಡು ಬರುತ್ತೇನೆಂದು, ಹಗ್ಗ ಹಿಡಿದು ಚಿಕ್ಕಪಡಸಲಗಿಗೆ ನಡೆದುಕೊಂಡೇ ಹೊರಟ. ಜಮಖಂಡಿ ದಾಟುವಷ್ಟರಲ್ಲಿ ಬೂಟು ಕಚ್ಚಿ ಎರಡೂ ಹಿಮ್ಮಡಿ ಸುಲಿದಿದ್ದವು. ಬ್ಯಾರೇಜಿನ ದಾರಿಯಲ್ಲಿ ಹಾಲಿನವನೊಬ್ಬ ಬೈಕು ನಿಲ್ಲಿಸಿದ.

“ಸಾವ್ಕಾರ್ರ, ಇಂಥಾ ಕುದ್ರಿ ಇಟ್ಕೊಂಡು ಯಾಕ್ ನಡಕೋತ ಹೊಂಟೀರಿ?”

“ಕುದ್ರಿ ಅಲ್ಲಪಾ, ನಮ್ಮಕ್ಕ. ಪಂಚಮಿಗೆ ಬಂದಾಳ.”

ಹಾಲಿನವನು ತಕ್ಷಣ ತಲೆಯ ಟವೆಲ್ಲು ತೆಗೆದು ಕೈಮುಗಿದ. “ತಪ್ಪಾತ್ರಿ ಅಕ್ಕಾರ. ದೂರ ಐತಿ, ತಮ್ಮಗ ಕಾಲ ನೋಯ್ತಾವು. ಮ್ಯಾಲ ಕುಂದರಿಸ್ಕೋಬಾರದೇನ್ರಿ?”

ಪಾಲವ್ವ ತಲೆಯನ್ನು ಮೇಲಕ್ಕೂ ಕೆಳಕ್ಕೂ ಮೂರು ಸಲ ಆಡಿಸಿದಳು.

ಈಶ್ವರ ಸುತ್ತ ನೋಡಿದ. ಬರೆದುಕೊಳ್ಳಲು ಅಧಿಕಾರಿಗಳು ಯಾರೂ ಇರಲಿಲ್ಲ. ಹಗ್ಗವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಅಕ್ಕನ ಮುಂದೆ ಮುಂದೆ ಕುಂಟುತ್ತ ನಡೆದ.