ಅಲಾರಂ ಕೂಗಿತು, ನಾವು ‘ನೋಡುತ್ತೇವೆ’ ಎಂದೆವು

ಕೆಟ್ಟ ದಿನಗಳಲ್ಲೇ ನಗು ಬರುವಂಥದ್ದು ಹೆಚ್ಚು ನಡೆಯುತ್ತದೆ, ಯಾಕೋ ಗೊತ್ತಿಲ್ಲ. ದುಬೈ ಸಿಲಿಕಾನ್ ಓಯಸಿಸ್‌ನಲ್ಲಿರುವ ನಮ್ಮ ಕಂಪನಿ ಒಂದೊಂದೇ ಕುರ್ಚಿ ಖಾಲಿ ಮಾಡಿಸುತ್ತಿದ್ದ ಈ ವರ್ಷ ನಾನು ನಕ್ಕಷ್ಟು ಹಿಂದೆಂದೂ ನಕ್ಕಿರಲಿಲ್ಲ. ನಕ್ಕ ಮೇಲೆ ಪ್ರತಿಸಲವೂ ವೀಸಾದ ನೆನಪಾಗುತ್ತಿತ್ತು. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಹೆಂಡತಿ, ಮಗಳು, ಮಗಳ ಶಾಲೆ ಎಲ್ಲವನ್ನೂ ಗಂಟು ಕಟ್ಟಬೇಕು.

ನೋಡುತ್ತೇನೆ

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಬೇರೆ ಕಂಪನಿಗಳ ಸರ್ವರ್‌ಗಳಿಗೆ ಏನಾದರೂ ಆದರೆ ನಮ್ಮ ಪರದೆಯ ಮೇಲೆ ಕೆಂಪು ಸಾಲು ಬಂದು ಅಲಾರಂ ಕೂಗುತ್ತದೆ. ಆಗ ಕಪ್ಪು ಪರದೆಯಲ್ಲಿ ಒಂದು ಸಾಲು ಕಮಾಂಡ್ ಟೈಪ್ ಮಾಡಿ, ಸರ್ವರ್ ಹೆಸರು ಕೊಟ್ಟು, ‘ಕಂಡಿದ್ದೇನೆ, ನೋಡುತ್ತೇನೆ’ ಎಂದು ಬರೆದು ಎಂಟರ್ ಒತ್ತಿದರೆ ಕೂಗು ನಿಲ್ಲುತ್ತದೆ. ಇದಕ್ಕೆ ನಾವು ‘ಅಕ್ ಹೊಡೆಯುವುದು’ ಎನ್ನುತ್ತೇವೆ, ಅಕ್ನಾಲೆಜ್ ಎಂಬುದರ ಮೊಟಕು ರೂಪ. ರೋಗ ವಾಸಿಯಾಗಿರುವುದಿಲ್ಲ, ರೋಗಿಯ ಬಾಯಿ ಮುಚ್ಚಿಸಿರುತ್ತೇವೆ ಅಷ್ಟೆ.

ಒಂದು ಬೆಳಿಗ್ಗೆ ಹೆಂಡತಿ, “ಅಡುಗೆಮನೆಯ ನಲ್ಲಿ ಸೋರ್ತಾ ಉಂಟು,” ಅಂದಳು.

“ಆಯ್ತು, ನೋಡ್ತೇನೆ.”

“ಇದು ಆಫೀಸಿನ ನೋಡ್ತೇನೆಯಾ, ನಿಜವಾದ ನೋಡ್ತೇನೆಯಾ?”

ನಾನು ಶೂ ಹಾಕಿಕೊಳ್ಳತೊಡಗಿದೆ. ಅವಳು ನಲ್ಲಿಯ ಬಾಯಿಗೆ ಹಳೇ ಬಟ್ಟೆ ಕಟ್ಟಿದಳು. ತೊಟ್ಟಿಕ್ಕುವ ಸದ್ದು ನಿಂತಿತು, ಸೋರುವುದು ನಿಲ್ಲಲಿಲ್ಲ. “ತಗೊಳ್ಳಿ, ಅಕ್ ಹೊಡೆದೆ,” ಅಂದಳು.

ಬಿಸಿ

ಆಗಸ್ಟ್‌ನಲ್ಲಿ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಫ್ಲ್ಯಾಟಿನ ಎಸಿ ಕೆಟ್ಟಿತು. ಬಿಲ್ಡಿಂಗಿನವರಿಗೆ ಫೋನ್ ಮಾಡಿದಾಗಲೆಲ್ಲ “ಕಂಪ್ಲೇಂಟ್ ನೋಟ್ ಆಗಿದೆ ಸರ್, ಇನ್ಶಾಲ್ಲಾ,” ಎಂಬ ಉತ್ತರ. ನಾನು ದಿನವಿಡೀ ಊರಿಗೆಲ್ಲ ಹೇಳುವುದನ್ನೇ ಅವರು ನನಗೆ ಹೇಳುತ್ತಿದ್ದರು. ಮಗಳ ಮೈತುಂಬ ಬೆವರುಸಾಲೆ ಎದ್ದಿತು.

ಅದೇ ವಾರ ಆಫೀಸಿನ ಸರ್ವರ್ ರೂಮಿನಲ್ಲಿ ಬಿಸಿ ತುಸು ಏರಿ ಅಲಾರಂ ಕೂಗಿತು. ನಾನು ಅಕ್ ಹೊಡೆದು ತಿರುಗುವಷ್ಟರಲ್ಲಿ ಎಸಿ ಮೆಕ್ಯಾನಿಕ್‌ಗಳು ಏಣಿ ಸಮೇತ ಓಡಿ ಬಂದರು. ಸಂಜೆ ಹೆಂಡತಿಗೆ ಇದನ್ನು ಹೇಳಿದೆ. ಅವಳು ಮಗಳಿಗೆ ಬೀಸಣಿಗೆ ಬೀಸುತ್ತಲೇ, “ನಮ್ಮನ್ನೂ ಒಂದು ಸರ್ವರ್ ಅಂತ ಬರೆಸಿ,” ಅಂದಳು.

ಸ್ಪರ್ಧೆ

ಕೊನೆಗೆ ನಮ್ಮ ಶಿಫ್ಟಿನಲ್ಲಿ ಇಬ್ಬರೇ ಉಳಿದೆವು, ನಾನು ಮತ್ತು ಮಂಗಳೂರಿನ ಪಕ್ಕದ ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಮಿತ್ರ. ಮ್ಯಾನೇಜರ್ ಈಜಿಪ್ಟಿನವರು, ಮನುಷ್ಯ ಮೆದು. “ಒಬ್ಬರನ್ನೇ ಇಟ್ಟುಕೊಳ್ಳಲು ಹೇಳಿದ್ದಾರೆ. ಯಾರು ಬೇಗ ಅಕ್ ಹೊಡೆಯುತ್ತಾರೋ ನೋಡುತ್ತೇನೆ,” ಎಂದು ಕಣ್ಣು ತಪ್ಪಿಸಿ ಹೇಳಿದರು. ಅಂದಿನಿಂದ ನಾವಿಬ್ಬರೂ ಒಂದೇ ಡಬ್ಬಿಯ ಊಟ ಹಂಚಿಕೊಳ್ಳುತ್ತ, ಒಬ್ಬರಿಗಿಂತ ಒಬ್ಬರು ಬೇಗ ಎಂಟರ್ ಒತ್ತುತ್ತ ಕೂತೆವು.

ಒಮ್ಮೆಗೇ ಅವನ ವೇಗ ನನ್ನ ಕೈಗೆ ಸಿಗದ ಹಾಗಾಯಿತು. ಕೇಳಿದರೆ ಕಿವಿಯ ಹತ್ತಿರ ಬಂದು, “ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ ಮಾರಾಯ. ಅಲಾರಂ ಬಂದ್ರೂ, ಶಿಫ್ಟಿನ ಮೇಲ್‌ಗೆ ‘ಅಕ್ನಾಲೆಜ್ ಮಾಡಿ’ ಅಂತ ಬಂದ್ರೂ ಅದೇ ನನ್ನ ಹೆಸರಲ್ಲಿ ಉತ್ತರ ಕೊಡ್ತದೆ. ಯಾರಿಗೂ ಹೇಳ್ಬೇಡ, ನಂಗೂ ಮಕ್ಕಳುಂಟು,” ಅಂದ. ಹೇಳಲಿಲ್ಲ.

ಮ್ಯಾನೇಜರ್‌ಗೆ ಮಾತ್ರ ಒಬ್ಬರನ್ನು ಕಳಿಸಲು ಮನಸ್ಸೇ ಬರಲಿಲ್ಲ. ಒಂದು ಶುಕ್ರವಾರ ಮಿತ್ರ ನಮಾಜಿಗೆ ಹೋಗಿದ್ದಾಗ ಶಿಫ್ಟಿನ ವಿಳಾಸಕ್ಕೇ ಮೇಲ್ ಹಾಕಿದರು: ‘ತಾವಾಗಿಯೇ ಕೆಲಸ ಬಿಡಲು ಯಾರಾದರೂ ಒಪ್ಪುವುದಾದರೆ ದಯವಿಟ್ಟು ಅಕ್ನಾಲೆಜ್ ಮಾಡಿ.’

ಮರುಕ್ಷಣ ಮಿತ್ರನ ಹೆಸರಲ್ಲಿ ಉತ್ತರ ಹೋಯಿತು: ‘ಕಂಡಿದ್ದೇನೆ. ಆದಷ್ಟು ಬೇಗ ಮುಗಿಸುತ್ತೇನೆ.’

ಅವನು ವಾಪಸ್ ಬಂದಾಗ ಮ್ಯಾನೇಜರ್ ಒದ್ದೆ ಕಣ್ಣಿನಿಂದ ಅಪ್ಪಿಕೊಂಡರು. ಉತ್ತರ ತನ್ನದೇ ಎಂದರೆ ಕೆಲಸ ಹೋಯಿತು, ಸ್ಕ್ರಿಪ್ಟಿನದು ಎಂದರೂ ಹೋಯಿತು, ಮರ್ಯಾದೆ ಬೇರೆ ಜೊತೆಗೆ. ಅತ್ತ ದರಿ, ಇತ್ತ ಪುಲಿ. ಅವನು ಮರ್ಯಾದೆ ಉಳಿಸಿಕೊಂಡ. “ನಮಾಜಲ್ಲಿ ಕೆಲಸ ಉಳೀಲಿ ಅಂತ ಕೇಳ್ತಾ ಇದ್ದೆ ಮಾರಾಯ,” ಎಂದು ನನ್ನೊಬ್ಬನಿಗೇ ಹೇಳಿದ.

ಶ್ರದ್ಧೆ

ಅವನು ಹೆಂಡತಿ ಮಕ್ಕಳೊಂದಿಗೆ ಊರು ಸೇರಿದ ಮೇಲೂ ಅವನ ಸ್ಕ್ರಿಪ್ಟ್ ಅವನ ಹೆಸರಿನಲ್ಲಿ ಅಕ್ ಹೊಡೆಯುತ್ತಲೇ ಇತ್ತು. ಬಿಟ್ಟು ಹೋದವರ ಕಂಪ್ಯೂಟರ್ ಅಕೌಂಟ್ ಮುಚ್ಚುವವನನ್ನೇ ಕಂಪನಿ ಎಲ್ಲರಿಗಿಂತ ಮೊದಲು ಮನೆಗೆ ಕಳಿಸಿತ್ತು. ಮ್ಯಾನೇಜರ್ ನನ್ನ ಮೇಜಿನ ಬಳಿ ನಿಂತು, “ನೋಡು ಹಬೀಬಿ, ಕೆಲಸ ಹೋದರೂ ಮನೆಯಲ್ಲಿ ಕೂತು ದುಡಿಯುತ್ತಿದ್ದಾನೆ. ನೀನು ಇಲ್ಲೇ ಇದ್ದೂ ಅವನಿಗಿಂತ ನಿಧಾನ,” ಅಂದರು.

ಮಿತ್ರನಿಗೆ ಫೋನ್ ಮಾಡಿ, “ಅದನ್ನು ನಿಲ್ಲಿಸೋಣ,” ಎಂದೆ.

“ಬೇಡ ಮಾರಾಯ. ಅಬುಧಾಬಿಯ ಒಂದು ಕಂಪನಿಯವರು ಮ್ಯಾನೇಜರ್ ಹತ್ರ ನನ್ನ ಬಗ್ಗೆ ಕೇಳ್ಲಿಕ್ಕುಂಟು. ಅವರು ಒಳ್ಳೆ ಮಾತು ಹೇಳುವ ತನಕ ಓಡ್ಲಿ.”

ಪಾಪ ಅನ್ನಿಸಿ ಸುಮ್ಮನಾದೆ.

ಮುಂದಿನ ವಾರ ಮ್ಯಾನೇಜರ್ ಶಿಫ್ಟಿನ ವಿಳಾಸಕ್ಕೆ ಮತ್ತೊಂದು ಮೇಲ್ ಹಾಕಿದರು: ‘ದುಬೈಯಲ್ಲಿ ಯಾರನ್ನೂ ಇಟ್ಟುಕೊಳ್ಳದೆ ಈ ಕೆಲಸವನ್ನೆಲ್ಲ ಮಂಗಳೂರಿನಿಂದಲೇ ನೋಡಿಕೊಳ್ಳಬಹುದೇ? ದಯವಿಟ್ಟು ಅಕ್ನಾಲೆಜ್ ಮಾಡಿ.’ ನಾನು ಓದಿ ಮುಗಿಸುವ ಮೊದಲೇ ಕೆಳಗೆ ಮಿತ್ರನ ಹೆಸರಲ್ಲಿ ಅದೇ ಉತ್ತರ ಕೂತಿತ್ತು.

ಮ್ಯಾನೇಜರ್ ಬಂದು ನನ್ನನ್ನೂ ಅಪ್ಪಿಕೊಂಡರು. “ಖಲಾಸ್, ಹಬೀಬಿ,” ಅಂದರು. ಕೆಳಗಿಳಿದು ಪಾರ್ಕಿಂಗಿನ ನೆರಳಲ್ಲಿ ನಿಂತು ಅತ್ತೆ. ಆಮೇಲೆ ಮಿತ್ರನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

“ತಪ್ಪಾಯ್ತು ಮಾರಾಯ, ನಿನ್ನ ಹೊಟ್ಟೆಗೆ ಹೊಡೆದೆ,” ಎಂದು ಅವನೂ ಮೂಗೆಳೆದುಕೊಂಡ. ಆಮೇಲೆ ದನಿ ತಗ್ಗಿಸಿ ಕೇಳಿದ: “ಹಾಗಾದ್ರೆ... ನಂಗೆ ಕೆಲಸ ವಾಪಸ್ ಸಿಕ್ಕಿತು ಅಂತ ಆಯ್ತಾ?”