ಕಾಲು ತಾಗಿದ ನಮಸ್ಕಾರ

ಎತ್ತರವೆಂದರೆ ನನಗೆ ಭಾರೀ ಗೌರವ. ಗೌರವವಿರುವುದರಿಂದಲೇ ದೂರ ಇರುತ್ತೇನೆ. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಬೇಕೆಂದರೂ, ಎಪ್ಪತ್ತು ದಾಟಿದ ನಮ್ಮತ್ತೆ ಎರಡೂ ಕೈಯಲ್ಲಿ ಸ್ಟೂಲು ಹಿಡಿದು ನಿಲ್ಲಬೇಕು, ನಾನು ಮೇಲೆ ನಿಂತು ತಾಯಿ ಬನಶಂಕರಿಯನ್ನು ಕರೆಯಬೇಕು. "ಭರಣಿ ಇಳಸಾಕತ್ತೀಯೋ, ಗುಡ್ಡಾ ಇಳಸಾಕತ್ತೀಯೋ?" ಎಂದು ಅವರು ಕೆಳಗಿನಿಂದ ಕೇಳುತ್ತಾರೆ. ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಗಂಗಾ, ಹೆಗಲ ಮೇಲೆ ಇಬ್ಬರನ್ನು ನಿಲ್ಲಿಸಿಕೊಂಡು ನಗುವ ಹುಡುಗಿ ಹೇಗಾದಳೋ ಇವತ್ತಿಗೂ ನನಗೆ ತಿಳಿದಿಲ್ಲ.

ಅದಕ್ಕೆ ಅಕ್ರೊಬ್ಯಾಟಿಕ್ ಜಿಮ್ನಾಸ್ಟಿಕ್ಸ್ ಎನ್ನುತ್ತಾರಂತೆ. ಮಹಿಳೆಯರ ಗುಂಪಿನಲ್ಲಿ ಮೂವರು. ನಮ್ಮ ಇಳಕಲ್ಲಿನ ತಂಡದಲ್ಲಿ ಕೆಳಗೆ ಗಂಗಾ, ನಡುವೆ ರೇಷ್ಮಾ, ತುದಿಗೆ ಕುರಿ ಸಾಕುವ ಮನೆಯ ಪುಟ್ಟ ಮಾಳವ್ವ. ಕೋಚ್ ಮೇಡಂ ಒಂದು ಸಂಜೆ ನಮ್ಮ ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದನ್ನು ತೋರಿಸಿದರು. ಒಬ್ಬಳ ಹೆಗಲ ಮೇಲೆ ಒಬ್ಬಳು, ಅವಳು ಮೇಲೆತ್ತಿದ ಅಂಗೈಗಳ ಮೇಲೆ ಇನ್ನೊಬ್ಬಳು ತಲೆಕೆಳಗಾಗಿ! ಹಾಗೆ ಮೂರು ಸೆಕೆಂಡು ಅಲುಗಾಡದೆ ನಿಲ್ಲಬೇಕಂತೆ. ನನ್ನ ಕೈಯಲ್ಲಿನ ಚಹಾ ಆರಿಹೋಯಿತು. ಮನುಷ್ಯರ ಮೈ ಇಂಥದ್ದನ್ನೂ ಮಾಡಬಲ್ಲದೆಂದು ನನಗೆ ಗೊತ್ತಾದದ್ದೇ ಅವತ್ತು. ಅತ್ತೆ ಮಾತ್ರ ಮೇಲಿನವಳನ್ನು ನೋಡಲೇ ಇಲ್ಲ. ಕೆಳಗಿನವಳ ಮುಖಕ್ಕೆ ಬೆರಳಿಟ್ಟು, "ಇಷ್ಟ ವಜ್ಜಿ ಹೊತ್ಗೊಂಡು ನಗಾಕತ್ತಾಳಲ್ಲ, ಯಾರ ಮನಿ ಸೊಸಿನವಾ ಇಕಿ?" ಎಂದರು.

ತೊಂದರೆ ಶುರುವಾದದ್ದು ಮಾಳವ್ವನಿಂದ. ಅಳಿಲಿನ ಹಾಗೆ ಸರಸರ ಏರುತ್ತಾಳೆ, ಹೂವಿನಷ್ಟು ಹಗುರಾಗಿ ಇಳಿಯುತ್ತಾಳೆ. ಇಳಿದವಳೇ ಬಾಗಿ ಗಂಗಾಳ ಹೆಗಲು, ರೇಷ್ಮಾಳ ಹೆಗಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ.

"ಇಳದ ಮ್ಯಾಲೆ ಕೈ ಎತ್ತಿ ನಿಂದ್ರಬೇಕು, ಅಷ್ಟ. ಇದೇನಿದು?" ಎಂದು ಮೇಡಂ ಗದರಿದರು.

"ಅಕ್ಕಾರಿಗೆ ಕಾಲ ತಾಗೇತಲ್ರಿ ಮೇಡಂ!"

ಈ ಪಾಠ ಕಲಿಸಿದ ಮಹಾತಾಯಿ ನಾನೇ. ಎರಡನೇ ಇಯತ್ತೆಯಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸಬೇಕೆಂದು ಇಡೀ ವರ್ಷ ಹೇಳಿದ್ದೆ. ನನ್ನ ಸರ್ವೀಸಿನಲ್ಲಿ ಒಂದು ಪಾಠ ಇಷ್ಟು ಚೆನ್ನಾಗಿ ಹತ್ತಿದ್ದು ಇದೊಂದೇ.

"ಬಾಗಲಕೋಟ್ಯಾಗ ನಡಿಯೋ ರಾಜ್ಯ ತಂಡದ ಆಯ್ಕಿಯೊಳಗ ಹಿಂಗ ಮಾಡಿದ್ರ ಅಂಕ ಹೋಗ್ತಾವ್ರಿ ಟೀಚರ್. ಬಿಡಲಿಲ್ಲಂದ್ರ ಈಕಿ ಬದ್ಲಿ ಬ್ಯಾರೇದಾಕಿನ್ನ ಹಾಕ್ತೇನಿ" ಎಂದರು ಮೇಡಂ. ಮಾಳವ್ವನ ಕಣ್ಣು ತುಂಬಿದವು. ನಾನು ಕಲಿಸಿದ್ದನ್ನು ನಾನೇ ಮರೆಸಲು ಕುಳಿತೆ. ಒಂದು ವಾರ ಹೆಣಗಾಡಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಅತ್ತೆ ಅವಳನ್ನು ಹತ್ತಿರ ಕರೆದರು. "ಬಿಡಬ್ಯಾಡವಾ. ಮನಸಿನ್ಯಾಗ ಇಟ್ಕೊ. ಎಲ್ಲಾ ಮುಗದ ಮ್ಯಾಲೆ ಒಮ್ಮೆಕ್ಕ ಮಾಡು. ದೇವರೇನು ಓಡಿ ಹೋಗಾಂಗಿಲ್ಲ."

ಬಾಗಲಕೋಟೆಯಲ್ಲಿ ನಾನು ಕುಳಿತದ್ದು ಮುಂದಿನ ಸಾಲಿನಲ್ಲಿ. ನೋಡಿದ್ದು ಮಾತ್ರ ಬೆರಳ ಸಂದಿಯಿಂದ. ಸಂಗೀತ ಶುರುವಾಯಿತು. ರೇಷ್ಮಾ ಗಂಗಾಳ ಹೆಗಲೇರಿದಳು. ಮಾಳವ್ವ ಗಂಗಾಳ ತೊಡೆ, ಹೆಗಲು, ರೇಷ್ಮಾಳ ಹೆಗಲು ಮೆಟ್ಟುತ್ತ ಏರಿ, ಅವಳ ಅಂಗೈಗಳ ಮೇಲೆ ಕೈಯೂರಿ, ಕಾಲುಗಳನ್ನು ನೆಟ್ಟಗೆ ಮೇಲಕ್ಕೆ ಚಾಚಿದಳು. ಮೂರು ಸೆಕೆಂಡು. ನಾನು ಉಸಿರಾಡಲಿಲ್ಲ. ನನ್ನ ಮಗಳು ನಗುತ್ತಿದ್ದಳು. ಅವಳ ಕಾಲಿನ ಮೀನಖಂಡ ಮಾತ್ರ ಸಣ್ಣಗೆ ನಡುಗುತ್ತಿತ್ತು. ಆ ನಗು, ಆ ನಡುಕ ಎರಡನ್ನೂ ಒಟ್ಟಿಗೆ ನೋಡಿ ನನಗೆ ಕೈಮುಗಿಯಬೇಕೆನಿಸಿತು.

ಕೊನೆಗೆ ಮಾಳವ್ವ ಇಳಿದಳು. ಬಲಗೈ ಗಂಗಾಳ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಆಮೇಲೆ ನೆಟ್ಟಗೆ ಮೇಲಕ್ಕೆದ್ದಿತು. ಮೂವರೂ ರಾಜ್ಯ ತಂಡಕ್ಕೆ ಆಯ್ಕೆಯಾದರು.

ಕುಣಿಯುತ್ತಿದ್ದಾರೇನೋ ಎಂದುಕೊಂಡು ಹಿಂದಿನ ಕೋಣೆಗೆ ಓಡಿದೆ. ಅಲ್ಲಿ ಮಾಳವ್ವ ಇಬ್ಬರು ಅಕ್ಕಂದಿರನ್ನೂ ನೆಲದ ಮೇಲೆ ಕೂರಿಸಿ ತೊಡೆ, ಹೆಗಲು, ಅಂಗೈ ಒಂದೊಂದನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. "ತಡೀರಿ ಟೀಚರ್, ನಿನ್ನಿ ಪ್ರಾಕ್ಟೀಸಿಂದೂ ಅದಾವು" ಎಂದಳು. ಮೇಡಂ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದರು.

ಬಸ್ಸಿನಲ್ಲಿ ಮರಳುವಾಗ ನನಗೆ ಸ್ಟೂಲಿನದೇ ನೆನಪು. ಹದಿನೆಂಟು ವರ್ಷದಿಂದ ನಾನು ಇಸ್ತ್ರಿ ಸೀರೆಯುಟ್ಟು ಶಾಲೆಗೆ ಹೋಗಿ ಊರ ಮಕ್ಕಳಿಗೆ ನಮಸ್ಕಾರ ಕಲಿಸಿದ್ದೇನೆ. ಅಷ್ಟೂ ದಿನ ಮನೆಯಲ್ಲಿ ರೊಟ್ಟಿ ಬಡಿದವರು, ಗಂಗಾಳಿಗೆ ನೀರೆರೆದು ಜಡೆ ಹಾಕಿದವರು ಅತ್ತೆ.

ಮನೆಗೆ ಬಂದಾಗ ಅವರು ಒಲೆಯ ಮುಂದಿದ್ದರು. ಸುಮ್ಮನೆ ಹೋಗಿ ಅವರ ಹೆಗಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

"ಯಾಕವಾ, ಕಾಲ ತಾಗಿಸಿದೇನು?"

"ಹೌದ್ರಿ ಅತ್ತಿ. ಹದಿನೆಂಟ ವರ್ಷದಿಂದ ನಿಮ್ಮ ಹೆಗಲ ಮ್ಯಾಲೇ ನಿಂತೇನ್ರಿ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ, ಮೊಬೈಲಿನಲ್ಲಿ ಕಂಡ ಆ ಕೆಳಗಿನ ಹುಡುಗಿಯ ಹಾಗೆಯೇ ನಕ್ಕರು.

"ಹಂಗಾರ ಇನ್ನ ಇಳಿಯವಾ. ಮುಸುರಿ ಭಾಂಡೆ ಅಲ್ಲೇ ಬಿದ್ದಾವು."